ವೊಯ್ಜಿಣ್‌ಗೂ ಒಂದು ಹೆಸರಿತ್ತು

ಕಾಪುವಿನಲ್ಲಿ ನಮ್ಮ ಪಕ್ಕದ ಮನೆ ಮ್ಯಾಗ್ಡಲಿನ್ ಬಾಯಮ್ಮನದು. ಅವರ ಅಜ್ಜನ ತಾಯಿ ಸೂಲಗಿತ್ತಿಯಾಗಿದ್ದರು. ಹುಟ್ಟಿದ್ದು ಸಾವಿರದ ಎಂಟುನೂರ ಐವತ್ತರ ಆಚೀಚೆ. ಸೂಲಗಿತ್ತಿಗೆ ಕೊಂಕಣಿಯಲ್ಲಿ ವೊಯ್ಜಿಣ್ ಎನ್ನುತ್ತಾರೆ. ಊರೆಲ್ಲ ಅವರನ್ನು ಹಾಗೆಯೇ ಕರೆಯುತ್ತಿತ್ತು.

ಯಾರ ಮನೆಯಿಂದ ಕರೆ ಬಂದರೂ ಹೊರಡುತ್ತಿದ್ದರಂತೆ. ಬಸುರಿಯನ್ನು ಮುಟ್ಟುವ ಮೊದಲು ಒಲೆಯ ಮುಂದೆ ಕುಳಿತು ಅಂಗೈ ಬೆಚ್ಚಗೆ ಮಾಡಿಕೊಳ್ಳುವುದು ಅವರ ಕ್ರಮ. ಹೆರಿಗೆಯಾದ ಮೇಲೂ, ತಾಯಿ ಗಂಜಿ ಉಂಡದ್ದನ್ನು ಕಣ್ಣಾರೆ ಕಾಣದೆ ಏಳುತ್ತಿರಲಿಲ್ಲ. ಮಟ್ಟುವಿನವರು ಅವರ ಸೆರಗಿಗೆ ಗುಳ್ಳ ಬದನೆ ಹಾಕುತ್ತಿದ್ದರು, ಕಡಲ ಬದಿಯ ನಮ್ಮವರು ಮೀನು ಕೊಡುತ್ತಿದ್ದರು. ನನ್ನ ಅಜ್ಜನೂ ಅವರ ಕೈಯಲ್ಲೇ ಹುಟ್ಟಿದವರು.

ಕಳೆದ ವರ್ಷ ಬಾಯಮ್ಮ ಪ್ರಾರ್ಥನೆಗೆ ಹೋಗುವ ಇಗರ್ಜಿಯಲ್ಲಿ ಆ ಕಾಲದ ಹಿರಿಯರ ಬಗ್ಗೆ ಒಂದು ಪುಸ್ತಕ ಮಾಡಲು ಹೊರಟರು. ಪಾದ್ರಿಗಳು, ಗುರಿಕಾರರು, ಶಾಲೆ ಕಟ್ಟಿಸಿದ ಧನಿಗಳು ಎಲ್ಲರೂ ಅದರಲ್ಲಿದ್ದರು. ವೊಯ್ಜಿಣ್ ಮಾತ್ರ ಇರಲಿಲ್ಲ. ಬಾಯಮ್ಮ ಪುಸ್ತಕ ಬರೆಯುವ ಎಡ್ವಿನ್ ಮಾಸ್ಟ್ರ ಹತ್ತಿರ ಹೋದರು.

"ಹಾಕುವಾ ಮ್ಯಾಗ್ಡಲಿನ್ ಬಾಯಿ. ಹೆಸರೆಂತ?"

"ವೊಯ್ಜಿಣ್."

"ಅದು ಕೆಲಸ ಮಾರಾಯ್ತಿ, ಹೆಸರಲ್ಲ. ನಾಳೆ ನನ್ನ ಗೋರಿಯ ಮೇಲೂ ಬರೀ ಮಾಸ್ಟ್ರು ಅಂತ ಬರೆಸಿದರೆ ಸಾಕಾ? ಶನಿವಾರ ಅಚ್ಚಿಗೆ ಹೋಗ್ತದೆ. ಅಷ್ಟರೊಳಗೆ ಹೇಳಿ."

ಹೆಸರು ಬರೆದಿಡುತ್ತಿದ್ದ ಇಗರ್ಜಿಯ ಹಳೆಯ ಪುಸ್ತಕಗಳು ಗೆದ್ದಲಿನ ಪಾಲಾಗಿದ್ದವು. ಬಾಯಮ್ಮ ಉಚ್ಚಿಲದ ನೆಂಟರಲ್ಲಿಯೂ ಕೇಳಿ ಬಂದರು. ಯಾರಿಗೂ ಗೊತ್ತಿರಲಿಲ್ಲ. "ಊರಿಗೆಲ್ಲ ಬೇಕಾದವರು. ಹೆಸರು ಮಾತ್ರ ಯಾರಿಗೂ ಬೇಡವಾಯ್ತಲ್ಲ" ಎಂದು ಬೂತಾಯಿ ಮೀನು ಸರಿಮಾಡುತ್ತಾ ನನ್ನಲ್ಲಿ ಹೇಳಿಕೊಂಡರು.

ಅವರ ಸೊಸೆ ಫಿಯೋನಾ ಅಲ್ಲೇ ಜಗಲಿಯಲ್ಲಿದ್ದಳು, ತುಂಬಿದ ಬಸುರಿ. ಅತ್ತೆಯನ್ನು ನಗಿಸಲಿಕ್ಕೆಂದು ಕೇಳಿದಳು: "ಮಾಂಯ್, ಹೆಣ್ಣಾದರೆ ನಿಮ್ಮ ಹೆಸರೇ ಇಡಬೇಕಾ?"

"ಮೊದಲ ಹೆಣ್ಣಿಗೆ ಅಪ್ಪನ ತಾಯಿಯ ಹೆಸರು. ಅದು ನಮ್ಮ ಕ್ರಮ ಅಲ್ವಾ?"

"ಮತ್ತೆ ನಾನು ಕರೆಯುವುದು ಹೇಗೆ? ಏ ಮ್ಯಾಗ್ಡಲಿನ್, ಮೂಗು ಒರೆಸಿಕೋ ಅಂತ ನಿಮ್ಮೆದುರು ಹೇಳಲಿಕ್ಕಾಗ್ತದಾ?"

ಮೂವರೂ ನಕ್ಕೆವು. ಬಾಯಮ್ಮನ ನಗು ಅರ್ಧಕ್ಕೇ ನಿಂತಿತು.

"ನನ್ನ ಅಜ್ಜಿಗೂ ಆಗುತ್ತಿರಲಿಲ್ಲ" ಎಂದರು.

ಬಾಯಮ್ಮನ ಅಪ್ಪನಿಗೆ ಒಬ್ಬರೇ ಅಕ್ಕ, ಅಪೊಲಿನ್. ಮನೆಯಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಹೆತ್ತ ತಾಯಿ, ಅಂದರೆ ಬಾಯಮ್ಮನ ಅಜ್ಜಿ ಮಾತ್ರ, ಮಗಳ ತಲೆ ನರೆತ ಮೇಲೂ, "ಏ ಹುಡುಗಿ" ಎನ್ನುತ್ತಿದ್ದರಂತೆ.

"ಅತ್ತೆಯ ಹೆಸರು ಹೇಳಬಾರದಲ್ಲ, ಅದಕ್ಕೇ! ನನ್ನ ಅಜ್ಜಿಯ ಅತ್ತೆ ಅಂದರೆ ವೊಯ್ಜಿಣ್! ಅಪೊಲಿನ್ ಅವರದೇ ಹೆಸರು!"

ಕೈ ತೊಳೆದದ್ದೇ ಬಾಯಮ್ಮ ಹೊರಟರು, ಜೊತೆಗೆ ನಾನೂ ಹೋದೆ. ಎಡ್ವಿನ್ ಮಾಸ್ಟ್ರು ಎಲ್ಲ ಕೇಳಿಸಿಕೊಂಡರು. "ನನ್ನ ಅಮ್ಮನೂ ನಮ್ಮಕ್ಕನ ಹೆಸರು ಹೇಳಿದ್ದು ಕೇಳಿಲ್ಲ" ಎಂದು ಪೆನ್ನು ತೆಗೆದರು.

ಪುಸ್ತಕ ಬಂದ ಭಾನುವಾರ ಇಗರ್ಜಿಯ ಅಂಗಳದಲ್ಲಿ ಝೀಟಾ ಎಂಬ ಮುದುಕಿ ಜಗಳಕ್ಕೇ ನಿಂತರು: "ಈ ಅಪೊಲಿನ್ ಯಾರು? ನಮ್ಮ ವೊಯ್ಜಿಣನ್ನು ಬಿಟ್ಟೇಬಿಟ್ಟಿರಾ?"

"ಅವರೇ ಇವರು" ಎಂದು ಬಾಯಮ್ಮ ಮೊದಲಿನಿಂದ ವಿವರಿಸಿದರು. ಅಷ್ಟರಲ್ಲಿ ಇನ್ನೊಬ್ಬರು ಅದನ್ನೇ ಕೇಳಿದರು. ಮಗ ಟ್ರೆವರ್ ಗೇಟಿನ ಹತ್ತಿರ ಹಾರ್ನ್ ಹೊಡೆಯುತ್ತಿದ್ದ.

"ಬಿಸಿಲು ಏರಿತು ಮಮ್ಮಿ, ಹೋಗುವಾ!"

"ಸ್ವಲ್ಪ ತಡಿ ಮಗಾ" ಎಂದು ಬಾಯಮ್ಮ ಪುಸ್ತಕ ಬಿಡಿಸಿ ಹಿಡಿದರು. "ಇವರಿಗೂ ಹೇಳಿಬಿಡ್ತೇನೆ."