ನಮ್ಮವರು ನುಂಗಿದ ಹಲ್ಲು

ನಮ್ಮವರದು ಮಣ್ಣು ತೊಳೆಯುವ ಕೆಲಸ. ಹಳೇ ಮೂಳೆಗಳ ಸಂಶೋಧನೆ ನಡೆಸುವ ಕಚೇರಿ ಅದು. ಗುಡ್ಡದಿಂದ ಮೂಟೆಗಟ್ಟಲೆ ಮಣ್ಣು ಬರುತ್ತಿತ್ತು. ಅದನ್ನು ತೊಟ್ಟಿಯಲ್ಲಿ ನೆನೆಹಾಕಿ, ಜರಡಿಯಲ್ಲಿ ಜಾಲಿಸಿ, ಉಳಿದ ಕಸವನ್ನು ಒಣಗಿಸಿ, ಭೂತಗನ್ನಡಿಯ ಕೆಳಗೆ ಹರಡಿ, ಬ್ರಷ್ಷಿನ ತುದಿಯಿಂದ ಹಲ್ಲು ಹೆಕ್ಕಬೇಕು. ಗಸಗಸೆಗಿಂತ ತುಸು ದೊಡ್ಡ ಹಲ್ಲು. ಮರಿಗೆ ಹಾಲೂಡಿಸುವ ಪ್ರಾಣಿಗಳು ಭೂಮಿಗೆ ಬಂದ ಹೊಸತರಲ್ಲಿ ಇಲಿಗಿಂತ ಸಣ್ಣಗಿದ್ದವಂತೆ. ನಾವೂ ಅದೇ ವಂಶ ಎನ್ನುತ್ತಿದ್ದರು. ನಿಮ್ಮ ಕಡೆಯವರು ಇರಬಹುದು ಎಂದಿದ್ದೆ.

ಎದುರಿನ ಕೋಣೆ ಜೀನ್‌ನವರದು. ಈಗ ಬದುಕಿರುವ ಸೊಂಡಿಲಿ, ಬಾವಲಿ, ಮಂಗಗಳ ರಕ್ತ ತಂದು, ಒಂದರ ಜೀನ್‌ಗೂ ಇನ್ನೊಂದರ ಜೀನ್‌ಗೂ ಎಷ್ಟು ವ್ಯತ್ಯಾಸ ಎಂದು ನೋಡಿ, ಈ ಕುಲಗಳು ಯಾವ ಕಾಲದಲ್ಲಿ ಬೇರೆಬೇರೆಯಾದವು ಎಂದು ಹೇಳುವವರು. ಅವರು ಹೇಳುವ ಕಾಲಕ್ಕೆ ಕಲ್ಲಿನಲ್ಲಿ ಸಾಕ್ಷಿ ಇರಲಿಲ್ಲ. ಅಷ್ಟು ಹಳೆಯ ಹಲ್ಲು ಎಲ್ಲೂ ಸಿಕ್ಕಿರಲಿಲ್ಲ. ಸಿಕ್ಕಿದ್ದು ನಮ್ಮವರ ಜರಡಿಗೆ. ಕಚೇರಿಯ ದೊಡ್ಡ ಸಾಹೇಬರು ನೋಡಿ ಕುಣಿದಾಡಿ, ಫೋನ್ ಮಾಡಲು ಓಡಿದರು. ನಮ್ಮವರು ಅದನ್ನು ಶೀಸೆಗೆ ಹಾಕಬೇಕಿತ್ತು, ಅಷ್ಟೇ.

ಬ್ರಷ್ಷಿನ ತುದಿ ಚೂಪಾಗಲಿ ಎಂದು ತುಟಿಗೆ ಹಚ್ಚುವ ಚಾಳಿ ಅವರಿಗೆ. ಪಕ್ಕದಲ್ಲೇ ನೀರಿನ ಬಟ್ಟಲಿದ್ದರೂ ಎಂಜಲೇ ಬೇಕು. ಥೂ, ಎಷ್ಟು ಬೈದಿದ್ದೇನೋ. ಅವತ್ತು ಹಲ್ಲು ತುದಿಗೆ ಅಂಟಿಕೊಂಡಿದ್ದಾಗಲೇ ಕೈ ತಾನಾಗಿ ಬಾಯಿಗೆ ಹೋಯಿತು. ನಾಲಿಗೆಗೆ ಹರಳು ತಗುಲಿತು, ಉಗಿಯುವಷ್ಟರಲ್ಲಿ ಇಳಿದೇ ಹೋಯಿತು.

ಹೇಳಿದರೆ ಸಾಹೇಬರು ನಂಬಲಿಲ್ಲ. ಕದ್ದು ಮಾರಿಕೊಂಡಿದ್ದಾನೆ ಎಂದು ಕಚೇರಿಗೆಲ್ಲ ಸಾರಿದರು. ಹಲ್ಲು ತಾ, ಇಲ್ಲ ಪೊಲೀಸರಿಗೆ ಹೇಳುತ್ತೇನೆ ಎಂದರು. ಮನೆಗೆ ಬಂದವರ ಕಂಕುಳಲ್ಲಿ ಕಚೇರಿಯ ಸಣ್ಣ ಕಣ್ಣಿನ ಜರಡಿ.

"ಲೇ, ಯಾರಿಗೂ ಹೇಳ್ಬೇಡ. ಬಚ್ಚಲಲ್ಲಿ ಸ್ವಲ್ಪ ನೀರು ಹುಯ್ತೀಯಾ?"

ಯಾಕೆಂದು ತಿಳಿದಾಗ ವಾಂತಿ ಬಂತು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಹುಯ್ದೆ. ದಿನಾ ಬೆಳಿಗ್ಗೆ ಅವರು ಕುಕ್ಕರಗಾಲಲ್ಲಿ ಕೂತು ತಮ್ಮದನ್ನು ತಾವೇ ಜಾಲಿಸುವುದು, ನಾನು ಚೊಂಬಿನಿಂದ ನೀರು ಬಿಡುವುದು. ಆ ನಾತಕ್ಕೆ ಊಟ ಸೇರುತ್ತಿರಲಿಲ್ಲ. ಮಗಳು ಬಾಗಿಲು ತಟ್ಟಿದರೆ ಪೈಪ್ ಕಟ್ಟಿಕೊಂಡಿದೆ ಎನ್ನುತ್ತಿದ್ದೆವು. ಕೊನೆಗೊಂದು ದಿನ ಜರಡಿಯಲ್ಲಿ ಕರ್ರಗೆ ಮಿಂಚಿತು. ನಮ್ಮವರು ಅತ್ತುಬಿಟ್ಟರು.

ಸಾಹೇಬರು ಮುಖ ಆಚೆ ತಿರುಗಿಸಿ ಇಕ್ಕಳದಲ್ಲಿ ತೆಗೆದುಕೊಂಡರಂತೆ. ಮರುದಿನ ಎಲ್ಲರಿಗೂ ಹೇಳಿದ್ದು ಬೇರೆ. ಹುಡುಕಿಸಿದ್ದಕ್ಕೆ ಕಪಾಟಿನ ಸಂದಿಯಲ್ಲಿ ಸಿಕ್ಕಿತಂತೆ. ನಿಜ ಹೇಳಿದರೆ ಹೊರಗಿನ ವಿದ್ವಾಂಸರು ನಗುತ್ತಾರಲ್ಲ, ಅದಕ್ಕೆ. ಕದ್ದವನು ಹೆದರಿ ಅಲ್ಲಿಟ್ಟಿದ್ದಾನೆ ಎಂದು ಜನ ತಿಳಿದರು. ನಮ್ಮವರು ತುಟಿ ಬಿಚ್ಚಲಿಲ್ಲ. ಆಮೇಲಿನ ಅಷ್ಟೂ ವರ್ಷ ಒಬ್ಬರೇ ಕೂತು ಬುತ್ತಿ ಉಂಡರು. ಅವರು ಹತ್ತಿರ ಸುಳಿದರೆ ಜೀನ್ ಕೋಣೆಯವರು ಫ್ರಿಜ್ಜಿಗೆ ಬೀಗ ಹಾಕುತ್ತಿದ್ದರಂತೆ. ಒಳಗಿದ್ದದ್ದು ಸತ್ತ ಬಾವಲಿ. ಅದನ್ನು ಕದ್ದು ಯಾರು ಏನು ಮಾಡುತ್ತಾರೆ?

ಹೋದ ತಿಂಗಳು ತೀರಿಕೊಂಡರು. ಎದೆಯ ತುಂಬ ಧೂಳು ಎಂದರು ಡಾಕ್ಟರು. ಕಚೇರಿಯಲ್ಲಿ ಸಂತಾಪ ಸಭೆ ಇಟ್ಟು ನನ್ನನ್ನೂ ಕರೆಸಿದರು. ಗಾಜಿನ ಪೆಟ್ಟಿಗೆಯಲ್ಲಿ ಆ ಹಲ್ಲು, ಕೆಳಗೆ ಸಾಹೇಬರ ಹೆಸರು. ಸಾಹೇಬರು ಮೈಕ್ ಹಿಡಿದು ನಮ್ಮವರನ್ನು ನಿಷ್ಠಾವಂತ ಎಂದು ಹೊಗಳಿದರು. ಬಚ್ಚಲಲ್ಲೂ ನನಗೆ ಅಷ್ಟು ಅಸಹ್ಯವಾಗಿರಲಿಲ್ಲ. ಆಮೇಲೆ ನನಗೂ ಎರಡು ಮಾತಾಡಿ ಎಂದರು.

"ಈ ಹಲ್ಲು ಕಪಾಟಲ್ಲಿ ಸಿಗಲಿಲ್ಲ. ನಮ್ಮವರು ತಪ್ಪಿ ನುಂಗಿದ್ರು. ನಮ್ಮನೆ ಬಚ್ಚಲಲ್ಲಿ ಜಾಲಿಸಿ ತೆಗೆದ್ವಿ. ನೀರು ಹುಯ್ದೋಳು ನಾನು. ಸಾಹೇಬ್ರಿಗೆ ಗೊತ್ತು, ಕೇಳಿ."

"ಅಮ್ಮಾ, ಆ ಹೊಲಸು ಮಾತು ಈಗ್ಯಾಕೆ?" ಎಂದರು ಸಾಹೇಬರು ತಗ್ಗಿದ ದನಿಯಲ್ಲಿ. ಸುಳ್ಳು ಎನ್ನಲಿಲ್ಲ. ಮೈಕಿನಲ್ಲಿ ಅದು ಎಲ್ಲರಿಗೂ ಕೇಳಿಸಿತು.

"ಆ ಹೊಲಸು ನಾವೇ ತೊಳ್ಕೊಂಡ್ವಿ. ನೀವು ಕಳ್ಳ ಅಂದಿದ್ದನ್ನ ನೀವು ತೊಳೀರಿ."

ಸಾಹೇಬರು ಕಾರಿನ ಕಡೆ ನಡೆದರು. ಜೀನ್ ಕೋಣೆಯ ಹೆಂಗಸೊಬ್ಬಳು ಬಂದು ನನ್ನ ಕೈ ಹಿಡಿದಳು.

"ಅಕ್ಕಾ, ನಾವೂ ಅವರನ್ನ ಕಳ್ಳ ಅಂತಲೇ ಅಂದ್ಕೊಂಡಿದ್ವಿ."

"ನಂಗ್ಯಾಕೆ ಹೇಳ್ತೀಯಮ್ಮ? ಫೋಟೋ ಅಲ್ಲಿದೆ. ಅವರಿಗೆ ಹೇಳು."

ಹೋಗಿ ಫೋಟೋದ ಮುಂದೆ ನಿಂತಳು. ಅವಳ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ನಿಂತರು. ಏನು ಹೇಳಿದರೋ, ನಾನು ಕೇಳಿಸಿಕೊಳ್ಳಲು ಹೋಗಲಿಲ್ಲ.