ಎರಡು ಮಾಳಿಗೆಯ ಬ್ಯಾಂಡು

ಹೊಸಪೇಟೆಯ ರಸ್ತೆಯಲ್ಲಿ ಎರಡು ಮದುವೆ ಮೆರವಣಿಗೆಗಳು ಎದುರುಬದುರಾದರೆ ಬ್ಯಾಂಡಿನವರಿಗೆ ರೋಷ ಉಕ್ಕುತ್ತದೆ. ಆ ಕಡೆಯವರ ಸದ್ದು ಅಡಗುವವರೆಗೆ ಈ ಕಡೆಯವರು ಕೆನ್ನೆ ಒಡೆಯುವ ಹಾಗೆ ಊದಬೇಕು, ಅದೇ ಮರ್ಯಾದೆ. ನಮ್ಮ ಯಂಕಪ್ಪ ಮಾಸ್ತರು ಮಾತ್ರ ಅಂಥ ಹೊತ್ತಿನಲ್ಲಿ ಟ್ರಂಪೆಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಎದುರಿನವರದ್ದನ್ನು ತಲೆದೂಗುತ್ತ ಕೇಳುತ್ತಿದ್ದರು. ಮದುಮಗನ ಕಡೆಯವರು ಮುಖ ಸಿಂಡರಿಸಿದರೂ ಅವರಿಗೆ ಪರಿವೆಯೇ ಇರಲಿಲ್ಲ. ಕ್ಲಾರಿನೆಟ್ ಹಿಡಿದು ಪಕ್ಕದಲ್ಲೇ ನಿಂತ ನನಗೆ ನಾಚಿಕೆಯಾಗುತ್ತಿತ್ತು.

"ಊದೂದು ಏನ್ ಮಹಾ, ಈರಣ್ಣ. ಎದುರಿನವ್ರು ಊದಾಕತ್ತಾಗ ಸುಮ್ಕ ನಿಂತು ಕೇಳೂದು ಭಾಳ ಕಷ್ಟ" ಎನ್ನುತ್ತಿದ್ದರು.

ಕಂಪ್ಲಿಯವರು. ಸಣಕಲು ಆಳು. ಟ್ರಂಪೆಟ್ಟಿನ ಬಾಯಿತುಂಡನ್ನು ಬಿಚ್ಚಿ ಅಂಗಿ ಜೇಬಿನಲ್ಲಿಟ್ಟುಕೊಂಡೇ ರೇಷನ್ ಅಂಗಡಿಗೂ ಹೋಗುತ್ತಿದ್ದರು. ಸಾಲು ಉದ್ದವಿದ್ದರೆ ಅದನ್ನು ತೆಗೆದು ಪೀಂ ಪೀಂ ಅನ್ನಿಸುತ್ತಿದ್ದರು, ಹೆಂಗಸರು ಬಯ್ಯುತ್ತಿದ್ದರು.

ಒಮ್ಮೆ ಕಡ್ಡಿರಾಂಪುರದ ಹೋಂಸ್ಟೇ ಮಾಲೀಕರ ಮಗಳ ಮದುವೆಗೆ ಹೋಗಿದ್ದೆವು. ಅಲ್ಲಿ ತಂಗಿದ್ದ ಇಟಲಿಯ ವಾದಕಿಯೊಬ್ಬಳು ನಮ್ಮ ಬ್ಯಾಂಡು ಕೇಳಿ, ತನ್ನ ಮೊಬೈಲಿನಿಂದ ಒಂದು ವಾದ್ಯಸಂಗೀತ ಕೇಳಿಸಿದಳು. ನಾನೂರು ವರ್ಷ ಹಳೆಯದಂತೆ. ಚರ್ಚಿನ ಎದುರುಬದುರು ಮಾಳಿಗೆಗಳಲ್ಲಿ ಎರಡು ಮೇಳ ನಿಂತು, ಒಂದು ಊದಿದ್ದಕ್ಕೆ ಇನ್ನೊಂದು ಉತ್ತರ ಕೊಡುತ್ತ, ಕಡೆಗೆ ಎರಡೂ ಕೂಡಿಕೊಳ್ಳುವಂತೆ ಕಟ್ಟಿದ್ದಂತೆ. ಮಾಸ್ತರು ಅದನ್ನು ತಮ್ಮ ಫೋನಿಗೂ ಹಾಕಿಸಿಕೊಂಡರು. ಅವತ್ತಿನಿಂದ ಅವರಿಗೆ ಒಂದೇ ಹುಚ್ಚು: ನಮ್ಮ ಬ್ಯಾಂಡಿನಿಂದ ಅದನ್ನು ಊದಿಸಿ, ನಡುವೆ ನಿಂತು ಕೇಳಬೇಕು.

ಕಮಲಾಪುರದ ಅಕ್ಕಿ ಮಿಲ್ಲಿನಲ್ಲಿ ಎರಡು ಗೋದಾಮು ಎದುರುಬದುರಾಗಿದ್ದವು. ಅಭ್ಯಾಸಕ್ಕೆಂದು ಅರ್ಧ ಬ್ಯಾಂಡು ಒಂದರ ಮಾಳಿಗೆಗೆ, ಇನ್ನರ್ಧ ಮತ್ತೊಂದರ ಮಾಳಿಗೆಗೆ ಹತ್ತಿತು. ಒಬ್ಬೊಬ್ಬರಿಗೂ ಅವರವರ ಪಾಲನ್ನು ಸರಿಗಮದಲ್ಲಿ ಹಾಡಿ ಬಾಯಿಪಾಠ ಮಾಡಿಸಿದ್ದರು. ಆದರೆ ಎದುರಿನಿಂದ ಟ್ರಂಪೆಟ್ ಕೇಳಿಸಿದ್ದೇ ತಡ, ನಮಗೆಲ್ಲ ರಸ್ತೆಯ ರೋಷ ಬಂದುಬಿಡುತ್ತಿತ್ತು. ಸುಮ್ಮನಿರಬೇಕಾದ ಕಡೆ ಸೋಲುತ್ತಿದ್ದೇವೆ ಎನಿಸಿ ಊದಿಬಿಡುತ್ತಿದ್ದೆವು. ಮಾಸ್ತರು ಭತ್ತದ ಹೊಟ್ಟಿನ ನಡುವೆ ಕೈ ಬೀಸುತ್ತ ಅತ್ತಿಂದಿತ್ತ ಓಡುತ್ತಿದ್ದರು. ಮಿಲ್ ಮಾಲೀಕರ ಮಗನ ಮದುವೆಯಲ್ಲೂ ಹಾಗೆಯೇ ಗದ್ದಲವಾಯಿತು. ಬೀಗರು ನಕ್ಕು, ಸಿನಿಮಾ ಹಾಡು ಬಾರಿಸಿ ಎಂದರು. ಮಾಸ್ತರು ಬಾರಿಸಿದರು. ಅವತ್ತು ಅವರು ಊಟಕ್ಕೆ ಕೂರಲಿಲ್ಲ.

ಮುಂದೆ ಜ್ವರ ಬಂದು ಹಾಸಿಗೆ ಹಿಡಿದರು. ಮೇಲೇಳುವುದಿಲ್ಲ ಎಂದು ತಿಳಿದ ಮೇಲೆ ನಾವು ಮತ್ತೆ ಆ ಮಾಳಿಗೆಗಳನ್ನು ಹತ್ತಿದೆವು. ಕೆಳಗೆ ಖಾಲಿ ಅಂಗಳ ಕಾಣುತ್ತಿತ್ತು. ಯಾರಿಗೂ ಗೆಲ್ಲುವುದು ಬೇಕೆನಿಸಲಿಲ್ಲ. ಅವತ್ತು ಸರಿಯಾಗಿ ಬಂತು. ಮದುವೆ ವಿಡಿಯೋ ತೆಗೆಯುವವನು ನಡುವೆ ನಿಂತು, ಒಂದು ಮೇಳ ಎಡಗಿವಿಗೆ, ಇನ್ನೊಂದು ಬಲಗಿವಿಗೆ ಕೇಳಿಸುವಂತೆ ರೆಕಾರ್ಡ್ ಮಾಡಿಕೊಟ್ಟ.

ಕಂಪ್ಲಿಗೆ ಓಡಿದೆ. ಅವರ ಎರಡೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಹಚ್ಚಿದೆ. ಮೊದಲು ಮುಖ ಅರಳಿತು. ಆಮೇಲೆ ಏನನ್ನೋ ಕಾಯುವವರಂತೆ ಹುಬ್ಬು ಗಂಟಾಯಿತು.

"ಆ ಕಡ್ಯಾವ್ರು ಬಂದಿಲ್ಲೇನು?"

ನನಗೆ ತಿಳಿಯಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಹನುಮಕ್ಕ ತನ್ನ ಬಲಗಿವಿ ಮುಟ್ಟಿ ತಲೆಯಾಡಿಸಿದಳು. ಜ್ವರ ಆ ಕಿವಿಯನ್ನು ಪೂರ್ತಿ ಕೆಡಿಸಿತ್ತು. ಎಡಗಿವಿಯದನ್ನು ತೆಗೆದು, ಎಲ್ಲರೂ ಬಂದಿದ್ದರು ಮಾಸ್ತರೇ ಎಂದು ಕೂಗಿ ಹೇಳಿದೆ. ಬಲಗಿವಿಯದನ್ನು ಎಡಕ್ಕೆ ಹಾಕಲು ಹೋದರೆ ಕೈ ಅಡ್ಡ ಹಿಡಿದರು.

"ಇರ್ಲಿ ಬಿಡು. ಮದುವಿ ಸೀಜನ್ನು. ಎಲ್ಯಾರ ಹೋಗಿರ್ತಾರ."

ಎಡಗಿವಿಯದನ್ನು ತಾವೇ ಮತ್ತೆ ಸಿಕ್ಕಿಸಿಕೊಂಡರು. ಆ ಕಡೆಯವರ ಸರದಿ ಬಂದಾಗಲೆಲ್ಲ ಅವರ ಪಾಲನ್ನು ಬಾಯಲ್ಲೇ ಗುನುಗಿದರು. ಎರಡು ಮೇಳ ಕೂಡಿಕೊಳ್ಳುವ ಜಾಗಕ್ಕೆ ಬರುವ ಮೊದಲೇ ಉಸಿರು ಸಾಲದೆ ನಿಲ್ಲಿಸಿದರು.

ಆ ವಾರವೇ ತೀರಿಕೊಂಡರು. ನಾವೆಲ್ಲ ಬಂದಿದ್ದೆವು ಎಂಬುದನ್ನು ಅವರು ನಂಬಲೇ ಇಲ್ಲ.