ಹೆಣ್ಣು ತೋರಿಸಿದ ಹಾಗೆ ತೋರಿಸಿದೆ

ಆಗ ನನಗೆ ಅರವತ್ತೇಳು. ಈಗ ನಾಲ್ಕು ವರ್ಷವಾಯಿತು. ಮೊಮ್ಮಗಳಿಗೆ ಒಂಬತ್ತು ತುಂಬಿತ್ತು, ಬುದ್ಧಿ ಮಾತ್ರ ಮೂರು ವರ್ಷದ ಕೂಸಿನ ಹತ್ತಿರವೇ ನಿಂತಿತ್ತು. ಇವತ್ತು ಇದನ್ನು ನೇರವಾಗಿ ಹೇಳುತ್ತಿದ್ದೇನೆ. ಆಗ ಯಾರಾದರೂ ಹೀಗೆ ಅಂದಿದ್ದರೆ ಅವರ ಮನೆ ಹೊಸ್ತಿಲು ಮತ್ತೆ ತುಳಿಯುತ್ತಿರಲಿಲ್ಲ.

ಅವಳು ಕಿರಿಮಗಳ ಮಗಳು. ಅಳಿಯ ವಯನಾಡಿಗೆ ಮೆಣಸು ಕೊಯ್ಯಲು ಹೋದವನು ಅಲ್ಲೇ ಉಳಿದ. ಮಗಳು ಬೀಚನಹಳ್ಳಿ ಹತ್ತಿರದ ರೆಸಾರ್ಟಿನಲ್ಲಿ ಹಾಸಿಗೆ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು. ಬೆಳಿಗ್ಗೆ ಆರೂವರೆಗೆ ರಸ್ತೆಗೆ ವ್ಯಾನು ಬರುತ್ತದೆ, ತಿರುಗಿ ಬರುವುದು ಕತ್ತಲಾದ ಮೇಲೆ. ಅಲ್ಲಿಯವರೆಗೆ ಕೂಸು ನನ್ನದು.

ನಾನು ಅವಳನ್ನು ಬಾಗಿಲು ಹಾಕಿಕೊಂಡೇ ಸಾಕಿದೆ. ನಮ್ಮ ಬೀದಿಯಲ್ಲಿ ಅವಳನ್ನು ಸರಿಯಾಗಿ ನೋಡಿದವರು ಕಡಿಮೆ. ಕೇಳಿದವರಿಗೆ ಮೈಯಲ್ಲಿ ಉಷ್ಣ, ಮಾತು ತಡ ಎನ್ನುತ್ತಿದ್ದೆ. ಶಾಲೆಗೆ ಹೋಗಲಾಗದ ಮಕ್ಕಳಿಗೆ ಮನೆಗೇ ಬಂದು ಕಲಿಸುವ ಟೀಚರಮ್ಮ ಒಬ್ಬರು ವಾರಕ್ಕೊಂದು ದಿನ ಬರುತ್ತಿದ್ದರು. ಸ್ಕೂಟರನ್ನು ನಮ್ಮ ಮನೆ ಮುಂದೆ ನಿಲ್ಲಿಸಬೇಡಿ, ಮಾರಿಗುಡಿ ಹತ್ತಿರ ನಿಲ್ಲಿಸಿ ನಡೆದು ಬನ್ನಿ ಎಂದು ಹೇಳಿದ್ದೆ. ಪಾಪ, ಬಿಸಿಲಲ್ಲಿ ಹಾಗೇ ನಡೆದು ಬರುತ್ತಿದ್ದರು. ಇಂಥ ಮಕ್ಕಳ ಮನೆಯವರೆಲ್ಲ ತಿಂಗಳಿಗೊಂದು ಸಲ ನಮ್ಮ ತಾಲ್ಲೂಕು ಊರು ಕೋಟೆಯಲ್ಲಿ ಸೇರುತ್ತಾರೆ, ಬನ್ನಿ ಅಜ್ಜಿ ಎಂದು ಅವರು ಎಷ್ಟು ಸಲ ಕರೆದರೋ.

"ಅಲ್ಲಿ ಸೇರ್ಕಂಡು ಏನ್ ಮಾಡೀರಿ?" ಎಂದೆ ಒಂದು ದಿನ.

"ಒಬ್ಬರ ಕಷ್ಟ ಇನ್ನೊಬ್ಬರು ಕೇಳ್ತಾರೆ ಅಜ್ಜಿ. ಗೊತ್ತಿದ್ದೋರು ದಾರಿ ಹೇಳ್ತಾರೆ."

"ನಮ್ ಕಷ್ಟ ಕೇಳಕ್ಕೆ ಅವ್ರ್ಯಾರು ಬುಡಿ ಮೇಡಮ್ಮೋರೆ."

ಆ ವರ್ಷದ ಬೇಸಿಗೆಯಲ್ಲಿ ನಾನು ರೇಷನ್ ತರಲು ಹೋಗಿದ್ದಾಗ ಕೂಸು ಹಿತ್ತಲ ಬಾಗಿಲು ತಳ್ಳಿಕೊಂಡು ನಾಲೆಗೆ ಹೋಗಿಬಿಟ್ಟಿತು. ಎದೆಮಟ್ಟ ನೀರಿನಲ್ಲಿ ನಿಂತು ನಗುತ್ತಿತ್ತಂತೆ. ನೀರು ಹಾಯಿಸುತ್ತಿದ್ದ ಮುದುಕನೊಬ್ಬ ಎಳೆದು ತಂದು ಬಿಟ್ಟ. ಅವನಿಗೂ ನಾನು, ಆಡ್ತಾ ಆಡ್ತಾ ಕಾಲು ಜಾರಿರಬೇಕು ಅಂದೆ.

ಮಗಳು ಅವತ್ತೇ ತೀರ್ಮಾನ ಮಾಡಿದಳು. ಕೋಟೆಯಲ್ಲಿ ಇಂಥ ಮಕ್ಕಳನ್ನು ಬೆಳಿಗ್ಗೆಯಿಂದ ಸಂಜೆವರೆಗೆ ನೋಡಿಕೊಳ್ಳುವ ಕೇಂದ್ರ ಒಂದಿತ್ತು. ಉಣ್ಣುವುದು, ಕಕ್ಕಸಿಗೆ ಹೋಗುವುದು, ಬೆಂಕಿ ನೀರು ಎಂದರೆ ಏನು ಎನ್ನುವುದು ಎಲ್ಲ ಕಲಿಸುತ್ತಿದ್ದರು. ರಸ್ತೆಯವರೆಗೆ ಅವರದೇ ಗಾಡಿ ಬರುತ್ತಿತ್ತು. ಅಲ್ಲಿ ಇರುವ ಜಾಗ ಕಡಿಮೆ. ಡಾಕ್ಟರು ನೋಡಿ, ನೂರಕ್ಕೆ ಇಷ್ಟು ನ್ಯೂನತೆ ಇದೆ ಎಂದು ಬರೆದು, ಕಾರ್ಡು ಆದ ಮಕ್ಕಳಿಗೆ ಮಾತ್ರ. ನಲವತ್ತಕ್ಕೆ ಕಮ್ಮಿ ಬರೆದರೆ ಜಾಗವಿಲ್ಲ.

ತಪಾಸಣೆಯ ದಿನ ಮಗಳಿಗೆ ರಜೆ ಸಿಗಲಿಲ್ಲ. ನಾನು ಕರೆದುಕೊಂಡು ಹೋಗಬೇಕಾಯಿತು. ಇರೋದನ್ನ ಇದ್ದ ಹಾಗೆ ಹೇಳಿ ಅಜ್ಜಿ ಎಂದು ಟೀಚರಮ್ಮ ಎರಡು ಸಲ ಹೇಳಿದ್ದರು. ತಿಳಿಯದೆ ಮಾಡಿದೆ ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ.

ನಾನು ಮೂರು ಹೆಣ್ಣುಮಕ್ಕಳ ಮದುವೆ ಮಾಡಿದವಳು. ದೊಡ್ಡವಳ ಒಂದು ಕಣ್ಣು ಸ್ವಲ್ಪ ಓರೆ. ಗಂಡಿನವರು ಬಂದ ದಿನ ಅವಳನ್ನು ಕಿಟಕಿಗೆ ಬೆನ್ನು ಮಾಡಿ ಕೂರಿಸಿದ್ದೆ. ಎರಡನೆಯವಳಿಗೆ ಮುದ್ದೆ ಕಟ್ಟಲು ಬರುತ್ತಿರಲಿಲ್ಲ, ನಾನು ಕಟ್ಟಿ ಅವಳ ಕೈಯಲ್ಲೇ ಬಡಿಸುವ ಹಾಗೆ ಮಾಡಿದೆ. ಹೊರಗಿನವರು ಬಂದು ನಮ್ಮ ಮನೆ ಹುಡುಗಿಯನ್ನು ಕೂರಿಸಿಕೊಂಡು ನೋಡುತ್ತಾರೆ ಎಂದರೆ ನನ್ನ ಕೈಗೆ ಗೊತ್ತಿದ್ದ ಕೆಲಸ ಅದೊಂದೇ. ಅದೂ ಅಲ್ಲದೆ, ಏನೂ ಬಾರದ ಕೂಸನ್ನು ಯಾರು ತಾನೇ ಸೇರಿಸಿಕೊಳ್ಳುತ್ತಾರೆ ಅನ್ನಿಸಿತು.

ಎಂಟು ದಿನ ಅವಳಿಗೆ ಪಾಠ ಮಾಡಿದೆ. ಕೈ ಮುಗಿದು "ನಮಸ್ಕಾರ ಡಾಕ್ಟ್ರಪ್ಪ" ಎಂದರೆ ಒಂದು ಚೂರು ಕಡ್ಲೆಮಿಠಾಯಿ. ಹೆಸರು ಹೇಳಿದರೆ ಒಂದು ಚೂರು, ಊರು ಹೇಳಿದರೆ ಇನ್ನೊಂದು. ಹತ್ತರವರೆಗೆ ಎಣಿಸುವುದಕ್ಕೆ ಐದು ದಿನ ಹಿಡಿಯಿತು. ತಪಾಸಣೆಯ ಬೆಳಿಗ್ಗೆ ಎಣ್ಣೆ ಹಾಕಿ ಜಡೆ ಹೆಣೆದು, ಹೊಸ ಲಂಗ ಹಾಕಿದೆ. ಬಟ್ಟೆ ಒದ್ದೆ ಮಾಡಿಕೊಳ್ಳಬಾರದೆಂದು ಒಂದು ತೊಟ್ಟು ನೀರು ಕೊಡಲಿಲ್ಲ.

ಕೋಟೆ ಆಸ್ಪತ್ರೆಯ ಜಗುಲಿಯಲ್ಲಿ ನಮ್ಮ ಮುಂದೆ ಕಾಡಂಚಿನ ಹಾಡಿಯ ಹೆಂಗಸೊಬ್ಬಳು ಕೂತಿದ್ದಳು. ತೊಡೆಯ ಮೇಲೆ ಅವಳ ಮಗ, ತೊಡೆ ಹಿಡಿಯಲಾರದಷ್ಟು ಬೆಳೆದವನು.

"ನಿನ್ ಮೊಮ್ಮಗ್ಳಾ? ಚಂದಾಗವ್ಳೆ. ಏನಾಗದೆ ಇವ್ಳಿಗೆ?" ಎಂದಳು.

"ಏನೂ ಆಗಿಲ್ಲ. ಮಾತು ವಸಿ ತಡ."

"ಅಂಗಾದ್ರೆ ಇಲ್ಲಿಗ್ಯಾಕ್ ಬಂದಿದ್ದೀಯವ್ವ?" ಎಂದು ನಕ್ಕಳು. ನಾನು ಸರಿದು ಕೂತೆ.

ಅವಳ ಸರದಿ ಬಂತು. ಬಾಗಿಲು ಹಾಕಿರಲಿಲ್ಲ, ಎಲ್ಲ ಕೇಳುತ್ತಿತ್ತು. "ಉಣ್ಣಕ್ಕೆ ಬರಾಕಿಲ್ಲ ಸಾರ್, ನಾನೇ ತಿನ್ನಿಸ್ಬೇಕು. ಬಟ್ಟೇಲೇ ಎಲ್ಲಾ ಮಾಡ್ಕತಾನೆ. ಸಿಟ್ಟು ಬಂದ್ರೆ ಕಚ್ತಾನೆ, ನೋಡಿ ಇಲ್ಲಿ" ಎಂದು ರವಿಕೆ ತೋಳು ಮಡಚಿ ತೋರಿಸಿದಳು. ಥೂ, ಹೆತ್ತ ಮಗನ ಮಾನವನ್ನು ಹೀಗೆ ಹರಾಜು ಹಾಕುತ್ತಾಳಲ್ಲ ಎಂದು ಮುಖ ತಿರುಗಿಸಿದೆ.

ಆಮೇಲೆ ನಾವು. ಡಾಕ್ಟರು ಸಣ್ಣ ವಯಸ್ಸಿನವರು, ಬೆಳಿಗ್ಗೆಯಿಂದ ನೋಡಿ ನೋಡಿ ಸೋತಿದ್ದರು. ಕೂಸು ಕೈ ಮುಗಿಯಿತು. "ನಮಸ್ಕಾರ ಡಾಕ್ಟ್ರಪ್ಪ" ಎಂದಿತು. ಹೆಸರು, ಊರು ಹೇಳಿತು. ಏಳನ್ನು ಬಿಟ್ಟು ಹತ್ತರವರೆಗೆ ಎಣಿಸಿತು. ಡಾಕ್ಟರು ನನ್ನ ಕಡೆ ತಿರುಗಿದರು.

"ತಾನೇ ಊಟ ಮಾಡ್ತಾಳಾ?"

"ಮಾಡ್ತಾಳೆ."

"ಟಾಯ್ಲೆಟ್ಟು?"

"ಅವ್ಳೇ ಓಗ್ತಾಳೆ."

"ಬೆಂಕಿ, ನೀರು ಕಂಡ್ರೆ ಹೆದರಿಕೆ ಇದೆಯಾ?"

ನಾಲೆಯ ಸಂಗತಿ ನಡೆದು ಇನ್ನೂ ಮೂರು ವಾರ. "ಎದರ್ತಾಳೆ" ಎಂದೆ.

ಅವರು ಬರೆದುಕೊಂಡರು. "ಚೆನ್ನಾಗಿ ನೋಡ್ಕೊಂಡಿದ್ದೀರಿ ಅಜ್ಜಿ" ಎಂದರು. ಆ ಮಾತಿಗೆ ನನಗಾದ ಖುಷಿ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ತಿರುಗಿ ಬರುವಾಗ ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿ ಬಸ್ಸು ಇಳಿದು ಅವಳಿಗೆ ಬೋಂಡಾ ಕೊಡಿಸಿದೆ. ಕುಡಿಯಲು ನೀರು ಕೊಟ್ಟದ್ದೂ ಅಲ್ಲಿಯೇ.

ತಿಂಗಳಾದ ಮೇಲೆ ಟೀಚರಮ್ಮ ಕಾಗದ ತಂದರು. ಮಗಳಿಗೆ ಅವತ್ತು ವಾರದ ರಜೆ, ಮನೆಯಲ್ಲೇ ಇದ್ದಳು. ಕಾಗದದಲ್ಲಿ ಇಪ್ಪತ್ತೈದು ಎಂದಿತ್ತು. ಟೀಚರಮ್ಮ ಚಾಪೆ ಮೇಲೆ ಕೂತು ಅದನ್ನೇ ನೋಡುತ್ತಿದ್ದರು. "ಇಷ್ಟು ಕಮ್ಮಿ ಹೆಂಗೆ ಬಂತೋ ನಂಗೆ ಅರ್ಥ ಆಗ್ತಿಲ್ಲ. ಕೇಂದ್ರದ ಜಾಗ ಬೇರೆಯವರಿಗೆ ಹೋಯ್ತು" ಎಂದರು.

ಅವರ ಕೈಯಲ್ಲಿ ಕಾಗದ ಪೆನ್ನು ಕಂಡಿದ್ದೇ ಕೂಸು ಎದ್ದು ಬಂದು ಎದುರಿಗೆ ನಿಂತು ಕೈ ಮುಗಿಯಿತು. "ನಮಸ್ಕಾರ ಡಾಕ್ಟ್ರಪ್ಪ" ಎಂದಿತು. ಹೆಸರು ಹೇಳಿತು. ಊರು ಹೇಳಿತು. ಆಮೇಲೆ ಮಿಠಾಯಿಗೆಂದು ನನ್ನ ಕಡೆ ಕೈ ಚಾಚಿತು.

ಮಗಳು ನನ್ನನ್ನು ನೋಡಿದಳು. "ಇದ್ನ ಯಾರು ಕಲ್ಸಿದ್ದು?"

ನಾನು ಕೂಸಿನ ಚಾಚಿದ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡೆ.

"ಅವ್ವ, ನಿನ್ನೇ ಕೇಳ್ತಿರದು."

"ನಾನೇ ಕಣ. ಏನೀಗ?"

"ಎಣ್ಣು ನೋಡಕ್ಕೆ ಬಂದಿದ್ರಾ ಡಾಕ್ಟ್ರು? ಒಪ್ಕಂಡ್ರಾ? ಲಗ್ನ ಯಾವತ್ತು?"

"ಅಷ್ಟು ಜನದ ಮುಂದೆ ನಮ್ ಕೂಸಿಗೆ ಏನೂ ಬರಾಕಿಲ್ಲ ಅಂತ ನನ್ ಬಾಯಲ್ಲಿ ಏಳ್ಬೇಕಿತ್ತಾ?"

"ಏಳ್ಬೇಕಿತ್ತು. ಏಳ್ಲಿ ಅಂತ್ಲೇ ನಿನ್ನ ಕಳ್ಸಿದ್ದು" ಎಂದಳು. ದನಿ ಏರಿಸಲಿಲ್ಲ. "ನಾಳೆ ಇವ್ಳು ನಾಲೇಲಿ ತೇಲ್ಕಂಡೋದ್ರೆ ಆವಾಗ್ಲೂ ಏಳು, ನಮ್ ಕೂಸು ಬಲೇ ಚೂಟಿ ಅಂತ."

ಟೀಚರಮ್ಮ ನಡುವೆ ಬಂದರು. ಎರಡು ತಿಂಗಳಿಗೆ ಇನ್ನೊಂದು ತಪಾಸಣೆ ಇದೆ, ಮತ್ತೆ ಅರ್ಜಿ ಕೊಡಬಹುದು ಎಂದರು. "ಆದ್ರೆ ಹೋದ ಸಲ ಎಲ್ಲಾ ಬರುತ್ತೆ ಅಂದೋರು ಈಗ ಬರಲ್ಲ ಅಂದ್ರೆ ಯಾಕೆ ನಂಬಬೇಕು ಅಂತ ಡಾಕ್ಟ್ರು ಕೇಳ್ತಾರೆ. ದಿನಾ ಈ ಮಗುನ ನೋಡಿರೋರು ಊರಲ್ಲಿ ಯಾರಾದ್ರೂ ಇಬ್ಬರು ಮೂವರು ಬರಬೇಕು, ಇಲ್ಲಾ ಬರೆದು ಸೈನ್ ಹಾಕ್ಬೇಕು. ನಾನು ವಾರಕ್ಕೊಂದು ಸಲ ಬರೋಳು, ನನ್ ಮಾತು ಸಾಲಲ್ಲ. ಯಾರಿದ್ದಾರೆ ಅಜ್ಜಿ?"

ಬೀದಿಯ ಮನೆಗಳನ್ನು ಒಂದೊಂದಾಗಿ ಮನಸ್ಸಿನಲ್ಲೇ ನಡೆದೆ. ಪಕ್ಕದ ಮನೆಯವಳಿಗೂ ನಮಗೂ ಮೂವತ್ತು ವರ್ಷದಿಂದ ಒಂದೇ ಗೋಡೆ. ಅವಳಿಗೆ ಗೊತ್ತಿದ್ದದ್ದು ಉಷ್ಣ. ಆಶಾ ಕಾರ್ಯಕರ್ತೆಯನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತಿದ್ದೆ. ಅಂಗನವಾಡಿಗೆ ಕೂಸನ್ನು ಕಳಿಸಿದ್ದು ನಾಲ್ಕು ದಿನ. ನಾಲೆಯಿಂದ ಎತ್ತಿದ ಮುದುಕನಿಗೆ ನಾನೇ ಸುಳ್ಳು ಹೇಳಿದ್ದೆ.

"ಯಾರೂ ಇಲ್ಲ" ಎಂದೆ.

ಅವರು ಕಾಗದ ಮಡಚಿಟ್ಟು ಹೊರಟರು. ಮಗಳು ಕೂಸಿಗೆ ಉಣ್ಣಿಸಿ ತಾನು ಉಣ್ಣದೆ ಮಲಗಿದಳು. ನಾನು ಉಂಡೆ. ಉಪವಾಸ ಬಿದ್ದರೆ ಕಾರ್ಡು ಬರುವುದಿಲ್ಲವಲ್ಲ.

ಮಾರನೇ ದಿನ ಮಗಳು ಹೇಳದೆ ಕೇಳದೆ ವ್ಯಾನು ಹತ್ತಿದಳು. ನಾನು ಹಸು ಕರೆದೆ. ದಿನಾ ಕೂಸನ್ನು ಒಳಗೆ ಹಾಕಿ ಬೀಗ ಜಡಿದು ಡೇರಿಗೆ ಹಾಲು ಹಾಕಲು ಹೋಗುತ್ತಿದ್ದವಳು ಅವತ್ತು ಒಂದು ಕೈಯಲ್ಲಿ ಕ್ಯಾನು, ಇನ್ನೊಂದು ಕೈಯಲ್ಲಿ ಅವಳನ್ನು ಹಿಡಿದುಕೊಂಡು ಹೋದೆ. ತಲೆ ಬಾಚಿರಲಿಲ್ಲ. ಡೇರಿ ಮುಂದೆ ಅರ್ಧ ಊರು ಸಾಲು ನಿಂತಿತ್ತು. ಕೂಸು ಮುಂದಿದ್ದವಳ ಸೆರಗು ಎಳೆದು ಬಾಯಿಗಿಟ್ಟುಕೊಂಡಿತು. ಯಾರದೋ ಕ್ಯಾನಿನೊಳಗೆ ಕೈ ಹಾಕಲು ಹೋಯಿತು. ಆಮೇಲೆ ನಿಂತಲ್ಲೇ ಲಂಗ ಒದ್ದೆ ಮಾಡಿಕೊಂಡಿತು. ಸಾಲಿನವರೆಲ್ಲ ತಿರುಗಿ ನೋಡಿದರು.

ಪಕ್ಕದ ಮನೆಯವಳು, "ಯಾಕಕ್ಕ, ಮಗೀಗೆ ಉಸಾರಿಲ್ವಾ?" ಎಂದಳು.

ಉಷ್ಣ ಎಂಬ ಮಾತು ಬಾಯಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡೆ.

"ಉಸಾರಾಗೇ ಅವ್ಳೆ ಕಣವ್ವ. ಬುದ್ಧಿ ಬೆಳ್ದಿಲ್ಲ. ಉಟ್ಟಿದಾಗಿಂದ್ಲೂ ಇಂಗೇಯ, ನಾನೇ ಮುಚ್ಚಿಟ್ಟಿದ್ದೆ. ಇನ್ಮೇಕೆ ದಿನಾ ಕರ್ಕಂಡು ಬತ್ತೀನಿ, ನೋಡು. ಎರಡ್ ತಿಂಗ್ಳು ನೋಡಿ, ಆಮೇಲೆ ನೀನು ಕಂಡಿದ್ದ ಡಾಕ್ಟ್ರ ಮುಂದೆ ಏಳ್ಬೇಕು."

ನಾನು ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಸೊಂಟಕ್ಕೆ ಸಿಕ್ಕಿಸಿಕೊಂಡು ತಂದಿದ್ದ ಒಣ ಲಂಗ ತೆಗೆದು, ಎಲ್ಲರೂ ನೋಡುತ್ತಿದ್ದ ಹಾಗೆಯೇ ಅವಳಿಗೆ ಬದಲಾಯಿಸಿದೆ. ಅಷ್ಟರಲ್ಲಿ ಸಾಲು ಮುಂದೆ ಹೋಗಿತ್ತು. ಅವಳ ಕೈ ಹಿಡಿದುಕೊಂಡು ಹಿಂದೆ ಹೋಗಿ ನಿಂತೆ.